ಹತ್ತೊಂಬತ್ತರ ‘ಹಿರಿಯರು’: ಜಪಾನಿನಲ್ಲಿ ಮಾರ್ಮನ್ ಪ್ರಚಾರಕರ ಒಂದು ವಾರ

ಲೋಕವೆಲ್ಲ ‘ಮಾರ್ಮನ್’ ಎಂದು ಕರೆಯುವ ಕ್ರೈಸ್ತ ಪಂಥದ ಪೂರ್ಣ ಹೆಸರು ‘ಅಂತಿಮ ದಿನಗಳ ಸಂತರ ಯೇಸುಕ್ರಿಸ್ತನ ಸಭೆ’. 1830ರ ಏಪ್ರಿಲ್ 6ರಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಫೇಯೆಟ್ ಎಂಬ ಊರಿನಲ್ಲಿ ಜೋಸೆಫ್ ಸ್ಮಿತ್ ಇದನ್ನು ಸ್ಥಾಪಿಸಿದಾಗ ಆತನಿಗೆ 24 ವರ್ಷ. ಪ್ರಾಚೀನ ಅಮೆರಿಕದಲ್ಲಿ ಬಾಳಿದ ಜನರ ದಾಖಲೆಯೆಂದು ಈ ಸಭೆ ನಂಬುವ ಮತ್ತು ಬೈಬಲಿನ ಸಮಕ್ಕೆ ಇರಿಸುವ ‘ಮಾರ್ಮನ್ ಗ್ರಂಥ’ ಅದೇ ವರ್ಷ ಅಚ್ಚಾಯಿತು. ಅದರಿಂದಲೇ ಪಂಥಕ್ಕೆ ಈ ಅಡ್ಡಹೆಸರು ಅಂಟಿತು. 2018ರಿಂದೀಚೆಗೆ ಸಭೆಯ ಮುಖ್ಯಸ್ಥರು ಈ ಅಡ್ಡಹೆಸರನ್ನು ಬಿಡಬೇಕೆಂದು ಕೇಳಿಕೊಂಡಿದ್ದಾರಾದರೂ, ಬೇರೆ ಹೆಸರು ಹೇಳಿದರೆ ಓದುಗರಿಗೆ ಗುರುತು ಹತ್ತುವುದಿಲ್ಲ ಎಂಬ ಒಂದೇ ಕಾರಣಕ್ಕೆ ಈ ಬರಹದಲ್ಲಿ ಅದನ್ನು ಉಳಿಸಿಕೊಳ್ಳಲಾಗಿದೆ. ಇಂದು ಈ ಸಭೆಯ ಪರವಾಗಿ 70 ಸಾವಿರಕ್ಕೂ ಹೆಚ್ಚು ಪೂರ್ಣಾವಧಿ ಪ್ರಚಾರಕರು ಜಗತ್ತಿನಾದ್ಯಂತ ದುಡಿಯುತ್ತಿದ್ದಾರೆ. ಅವರಲ್ಲಿ ಬಹುಪಾಲು ಮಂದಿ ಇಪ್ಪತ್ತರ ಆಸುಪಾಸಿನವರು, ಸಂಬಳವಿಲ್ಲದವರು. ಯಾವ ದೇಶಕ್ಕೆ ಹೋಗಬೇಕೆಂಬುದನ್ನು ತಾವಾಗಿ ಆರಿಸಿಕೊಂಡವರೂ ಅಲ್ಲ.

ಅವರ ಬದುಕನ್ನು ತಿಳಿಯಲು ವರ್ಷಕ್ಕಿಂತ ವಾರವೇ ಸರಿಯಾದ ಅಳತೆ, ಏಕೆಂದರೆ ಈ ಸೇವೆಯ ವ್ಯವಸ್ಥೆಯೆಲ್ಲ ವಾರದ ಚೌಕಟ್ಟಿನಲ್ಲಿಯೇ ರೂಪುಗೊಂಡಿದೆ: ವಾರಕ್ಕೊಮ್ಮೆ ಬಿಡುವು, ವಾರಕ್ಕೊಮ್ಮೆ ಮನೆಯವರ ಜೊತೆ ಮಾತು, ವಾರಕ್ಕೊಂದು ಯೋಜನೆ, ವಾರಕ್ಕೊಂದು ವರದಿ. ಫಿಲಿಪ್ಪೀನ್ಸ್ ಅಥವಾ ಬ್ರೆಜಿಲ್‌ನಂಥ, ಸಭೆ ವೇಗವಾಗಿ ಬೆಳೆದ ದೇಶಗಳಿಗಿಂತ, ಒಟ್ಟು ಕ್ರೈಸ್ತರೇ ಜನಸಂಖ್ಯೆಯ ನೂರಕ್ಕೆ ಒಂದರಷ್ಟಿರುವ ಜಪಾನಿನಲ್ಲಿ ಈ ಚೌಕಟ್ಟಿನ ಉದ್ದೇಶ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ. ಹೊಸಬರನ್ನು ಸಭೆಗೆ ಸೇರಿಸುವ ಯಂತ್ರವೆಂದು ಹೊರಗಿನವರು ಭಾವಿಸುವ ಈ ಕಟ್ಟುನಿಟ್ಟಾದ ದಿನಚರಿ, ವಾಸ್ತವದಲ್ಲಿ, ದಿನವಿಡೀ ‘ಬೇಡ’ ಎಂಬ ಮಾತನ್ನೇ ಕೇಳಬೇಕಾದ ಎಳೆಯ ವಯಸ್ಸಿನವರು ಕುಸಿಯದಂತೆ ನಿಲ್ಲಿಸಿದ ಆಸರೆಯಾಗಿದೆ.

2012ರ ಅಕ್ಟೋಬರಿನಲ್ಲಿ ಗಂಡುಮಕ್ಕಳ ಕನಿಷ್ಠ ವಯಸ್ಸನ್ನು 19ರಿಂದ 18ಕ್ಕೂ ಹೆಣ್ಣುಮಕ್ಕಳ ವಯಸ್ಸನ್ನು 21ರಿಂದ 19ಕ್ಕೂ ಇಳಿಸಿದಾಗ, ಸುಮಾರು 59 ಸಾವಿರದಷ್ಟಿದ್ದ ಪ್ರಚಾರಕರ ಸಂಖ್ಯೆ ಒಂದೇ ವರ್ಷದಲ್ಲಿ 83 ಸಾವಿರಕ್ಕೆ ಏರಿತು. ಹುಡುಗರ ಸೇವೆ 24 ತಿಂಗಳು, ಹುಡುಗಿಯರದು 18 ತಿಂಗಳು. ಖರ್ಚನ್ನು ಅವರೂ ಅವರ ಮನೆಯವರೂ ಭರಿಸಬೇಕು. ಅಮೆರಿಕದಿಂದ ಹೊರಡುವವರು 2020ರಿಂದ ತಿಂಗಳಿಗೆ 500 ಡಾಲರ್ ಕಟ್ಟುತ್ತಾರೆ. ಟೋಕಿಯೊದಂಥ ದುಬಾರಿ ನಗರಕ್ಕೆ ಹೋದರೂ, ಕಡಿಮೆ ಖರ್ಚಿನ ಊರಿಗೆ ಹೋದರೂ ಕಟ್ಟುವ ಮೊತ್ತ ಒಂದೇ ಆಗಿರುವಂತೆ ಎಲ್ಲರ ಹಣವನ್ನೂ ಒಂದೇ ನಿಧಿಗೆ ಹಾಕಿ ಹಂಚಲಾಗುತ್ತದೆ. ಎಲ್ಲಿಗೆ ಹೋಗಬೇಕೆಂಬ ಆದೇಶ ಯೂಟಾ ಸಂಸ್ಥಾನದ ಸಾಲ್ಟ್ ಲೇಕ್ ಸಿಟಿಯ ಕೇಂದ್ರದಿಂದ ಬರುತ್ತದೆ. ಜಪಾನ್ ಎಂದು ಬಂದರೆ, ಅದೇ ಸಂಸ್ಥಾನದ ಪ್ರೋವೊ ನಗರದ ತರಬೇತಿ ಕೇಂದ್ರದಲ್ಲಿ ಸುಮಾರು ಎರಡು ತಿಂಗಳು ಭಾಷೆ ಕಲಿತು ವಿಮಾನ ಹತ್ತಬೇಕು.

ಹೊರಟವರು ಮೊದಲು ಬಿಟ್ಟುಕೊಡುವುದು ತಮ್ಮ ಹೆಸರನ್ನು. ಎದೆಯ ಮೇಲಿನ ಕಪ್ಪು ಫಲಕದಲ್ಲಿ ಮನೆತನದ ಹೆಸರಷ್ಟೇ ಇರುತ್ತದೆ. ಅದರ ಹಿಂದೆ ಹುಡುಗನಾದರೆ ‘ಎಲ್ಡರ್’, ಹುಡುಗಿಯಾದರೆ ‘ಸಿಸ್ಟರ್’ ಎಂಬ ಬಿರುದು. ಕನ್ನಡದ ಬೈಬಲಿನಲ್ಲಿ ‘ಹಿರಿಯರು’ ಎಂದಿರುವ ಸಭಾಪದವಿಯೇ ಈ ‘ಎಲ್ಡರ್’. ಜಪಾನಿ ಭಾಷೆಯಲ್ಲಿ ಅದನ್ನು ‘ಚೋರೋ’ ಎನ್ನುತ್ತಾರೆ. ಊರಿನ ಅಥವಾ ಮಠದ ವಯೋವೃದ್ಧ ಮುಖಂಡನನ್ನು ಸೂಚಿಸುವ ಈ ಶಬ್ದ, ವಾಕ್ಯ ಪೂರೈಸಲು ತಡವರಿಸುವ ಹತ್ತೊಂಬತ್ತರ ಹುಡುಗನ ಎದೆಯ ಮೇಲೆ ಕಂಡಾಗ, ವಯಸ್ಸಿಗೆ ತಕ್ಕಂತೆ ಮಾತಿನ ರೂಪವನ್ನೇ ಬದಲಿಸುವ ಜಪಾನಿನ ಜನರಿಗೆ ವಿಚಿತ್ರವೆನಿಸುವುದು ಸಹಜ. ಹುಡುಗಿಯರಿಗೆ ಅಲ್ಲಿ ‘ಶಿಮಾಯಿ’ ಎನ್ನುತ್ತಾರೆ, ಅಂದರೆ ಸಹೋದರಿ. ಎರಡು ವರ್ಷ ಜೊತೆಯವರೂ ಅಧಿಕಾರಿಗಳೂ ಇದೇ ಹೆಸರಿನಿಂದ ಕರೆಯುವುದರಿಂದ, ತಾಯಿ ಇಟ್ಟ ಹೆಸರು ಕಿವಿಗೆ ಬೀಳುವುದು ಹೆಚ್ಚುಕಡಿಮೆ ಮನೆಯಿಂದ ಫೋನು ಬಂದಾಗ ಮಾತ್ರ.

ಬಿಟ್ಟುಕೊಡುವ ಇನ್ನೊಂದು ವಸ್ತು ಏಕಾಂತ. ಪ್ರಚಾರಕರು ಯಾವಾಗಲೂ ಜೋಡಿಯಾಗಿಯೇ ಇರಬೇಕು. ಇದು ಹೊಸ ಒಡಂಬಡಿಕೆಯಲ್ಲಿ ಯೇಸು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದ ಪ್ರಸಂಗವನ್ನು ಅನುಸರಿಸಿದ ಪದ್ಧತಿ. ಒಬ್ಬರು ಇನ್ನೊಬ್ಬರ ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರದಲ್ಲಿರಬೇಕೆಂಬುದು ನಿಯಮ; ಸ್ನಾನಗೃಹದ ಬಾಗಿಲಿನ ಹೊರತು ಇದಕ್ಕೆ ವಿನಾಯಿತಿ ಇಲ್ಲವೆನ್ನುವಷ್ಟು ವಿರಳ. ಜೊತೆಗಾರನನ್ನು ಆರಿಸುವವರು ‘ಮಿಷನ್ ಅಧ್ಯಕ್ಷ’ರು, ಅಂದರೆ ಮೂರು ವರ್ಷದ ಮಟ್ಟಿಗೆ ಪತ್ನಿಸಮೇತ ಬಂದು ಒಂದು ಪ್ರಚಾರಕ್ಷೇತ್ರದ ಹೊಣೆ ಹೊರುವ ಹಿರಿಯ ಸದಸ್ಯರು. ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ಅವರು ವರ್ಗಾವಣೆಯ ಪಟ್ಟಿಯನ್ನು ಪ್ರಕಟಿಸುತ್ತಾರೆ. ಆಗ ಜೊತೆಗಾರ ಬದಲಾಗಬಹುದು, ಊರು ಬದಲಾಗಬಹುದು, ಎರಡೂ ಬದಲಾಗಬಹುದು. ಸ್ವಭಾವ ಒಗ್ಗದ ಇಬ್ಬರು ಸಣ್ಣ ಬಾಡಿಗೆ ಮನೆಯಲ್ಲಿ ಅಷ್ಟು ವಾರ ಒಟ್ಟಿಗೆ ಉಣ್ಣುವುದು, ಮಲಗುವುದು, ಪ್ರಾರ್ಥಿಸುವುದು, ಅಪರಿಚಿತರ ಮುಂದೆ ಒಮ್ಮತದಿಂದ ಮಾತನಾಡುವುದು ಈ ಸೇವೆಯ ಅತಿ ಕಷ್ಟದ ಭಾಗಗಳಲ್ಲೊಂದು. ಹೊರಗೆ ಜನ ಬಾಗಿಲು ಮುಚ್ಚಿದರೆ ಮುಂದಿನ ಮನೆಗೆ ಹೋಗಬಹುದು, ಒಳಗಿನ ಮನಸ್ತಾಪದಿಂದ ಎದ್ದು ಹೋಗಲು ಮಾತ್ರ ಎಡೆಯಿಲ್ಲ.

ಇವರ ವಾರ ಆರಂಭವಾಗುವುದು ಸೋಮವಾರ, ಅದೂ ಬಿಡುವಿನೊಂದಿಗೆ. ‘ಸಿದ್ಧತೆಯ ದಿನ’ವೆಂದು ಕರೆಯಲಾಗುವ ಈ ದಿನ ಸಂಜೆಯವರೆಗೆ ಬಟ್ಟೆ ಒಗೆದು ಬಾಲ್ಕನಿಯ ಕೋಲಿಗೆ ಒಣಹಾಕುವುದು, ವಾರದ ಅಕ್ಕಿ, ಮೊಟ್ಟೆ, ತರಕಾರಿ ತರುವುದು, ಕ್ಷೌರ ಮಾಡಿಸಿಕೊಳ್ಳುವುದು, ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬಿಸುವುದು, ಹತ್ತಿರದ ದೇವಾಲಯವನ್ನೋ ಕೋಟೆಯನ್ನೋ ನೋಡಿ ಬರುವುದು ಇವೆಲ್ಲ ನಡೆಯುತ್ತವೆ. ಇದೇ ದಿನ ಮನೆಗೆ ಪತ್ರ ಬರೆಯುತ್ತಾರೆ, ಮಿಷನ್ ಅಧ್ಯಕ್ಷರಿಗೂ ವಾರದ ವಿವರಗಳುಳ್ಳ ಪತ್ರ ಕಳುಹಿಸುತ್ತಾರೆ. 2019ರ ಫೆಬ್ರವರಿಯವರೆಗೆ ಮನೆಯವರ ಧ್ವನಿ ಕೇಳಲು ವರ್ಷಕ್ಕೆ ಎರಡೇ ಅವಕಾಶಗಳಿದ್ದವು: ಕ್ರಿಸ್‌ಮಸ್ ಮತ್ತು ತಾಯಂದಿರ ದಿನ. ಆ ತಿಂಗಳಿನಿಂದ ವಾರಕ್ಕೊಮ್ಮೆ ಫೋನು ಅಥವಾ ವಿಡಿಯೊ ಕರೆ ಮಾಡಲು ಅನುಮತಿ ದೊರೆಯಿತು. ಇದು ಬಹಳ ಮುಂಚೆಯೇ ಆಗಬೇಕಾಗಿದ್ದ ಬದಲಾವಣೆ. ಮನೆಯ ನೆನಪು ಕಾಡದಿರಲೆಂದು ಮಾಡಿದ ಹಳೆಯ ನಿಯಮ ನೆನಪನ್ನು ಕಡಿಮೆ ಮಾಡಿದ್ದಕ್ಕಿಂತ, ಖಿನ್ನತೆಗೆ ಜಾರುತ್ತಿದ್ದ ಮಕ್ಕಳ ಸ್ಥಿತಿ ತಂದೆತಾಯಿಗಳಿಗೆ ತಿಳಿಯದಂತೆ ಮಾಡಿದ್ದೇ ಹೆಚ್ಚು. ಅವಧಿಗೆ ಮುನ್ನ ಮನೆಗೆ ಮರಳಿದವರನ್ನು ಸೋತು ಬಂದವರಂತೆ ಕಾಣುವ ಚಾಳಿ ಮಾರ್ಮನ್ ಸಮುದಾಯದಲ್ಲಿ ಬಹುಕಾಲ ಇದ್ದಿತು, ಅದರ ನೋವನ್ನು ಇಂದಿಗೂ ಹೊತ್ತಿರುವವರು ಅನೇಕರಿದ್ದಾರೆ.

ಮಂಗಳವಾರದಿಂದ ಗಡಿಯಾರದ ಆಳ್ವಿಕೆ. ವಾಡಿಕೆಯ ದಿನಚರಿಯಂತೆ ಬೆಳಗ್ಗೆ 6.30ಕ್ಕೆ ಏಳಬೇಕು, ರಾತ್ರಿ 10.30ಕ್ಕೆ ದೀಪ ಆರಿಸಬೇಕು. 2017ರಲ್ಲಿ ಮಾಡಿದ ಸಡಿಲಿಕೆಯ ನಂತರ ಆಯಾ ದೇಶದ ಬದುಕಿಗೆ ಹೊಂದುವಂತೆ ಈ ಸಮಯಗಳನ್ನು ತುಸು ಹಿಂದುಮುಂದು ಮಾಡಿಕೊಳ್ಳಬಹುದು. ಎದ್ದೊಡನೆ ಪ್ರಾರ್ಥನೆ, ಅರ್ಧ ಗಂಟೆ ವ್ಯಾಯಾಮ, ತಿಂಡಿ, ಬಳಿಕ ಒಬ್ಬೊಬ್ಬರೇ ಮಾಡುವ ಗ್ರಂಥಾಧ್ಯಯನ, ಜೊತೆಗಾರನೊಡನೆ ಮಾಡುವ ಅಧ್ಯಯನ, ಆ ಮೇಲೆ ಭಾಷೆಯ ಅಭ್ಯಾಸ. 2004ರಲ್ಲಿ ಬಂದು 2023ರಲ್ಲಿ ಪರಿಷ್ಕೃತಗೊಂಡ ‘ಪ್ರೀಚ್ ಮೈ ಗಾಸ್ಪೆಲ್’ ಎಂಬ ಕೈಪಿಡಿ ಅಧ್ಯಯನಕ್ಕೂ ಬೋಧನೆಗೂ ಆಧಾರ. ಅದಕ್ಕೂ ಮೊದಲು ಪ್ರಚಾರಕರು ಸಿದ್ಧಪಾಠಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಈಗ ಎದುರಿಗಿರುವವರ ಅಗತ್ಯ ನೋಡಿ ಸ್ವಂತ ಮಾತಿನಲ್ಲಿ ಹೇಳಬೇಕೆಂಬುದು ಕೈಪಿಡಿಯ ಆಶಯ. ಆಶಯ ಒಳ್ಳೆಯದೇ ಆದರೂ ಸ್ವಂತ ಮಾತು ಬರಬೇಕಾದರೆ ಮೊದಲು ಆ ಜನರ ಮಾತು ಬರಬೇಕಷ್ಟೆ.

ಜಪಾನಿ ಭಾಷೆಗೆ ಎರಡು ಅಕ್ಷರಮಾಲೆಗಳೂ, ಅವುಗಳ ಜೊತೆ ಚೀನದಿಂದ ಬಂದ ‘ಕಾಂಜಿ’ ಎಂಬ ಚಿತ್ರಲಿಪಿಯ ಸಾವಿರಾರು ಅಕ್ಷರಗಳೂ ಇವೆ. ಅದಕ್ಕಿಂತ ತೊಡಕಿನದು ‘ಕೇಗೊ’ ಎಂಬ ಗೌರವಸೂಚಕ ಪ್ರಯೋಗ. ಕನ್ನಡದಲ್ಲಿ ‘ಬಾ’ ಎಂಬುದು ‘ಬನ್ನಿ’, ‘ಬರೋಣವಾಗಲಿ’ ಎಂದು ಬದಲಾಗುವುದನ್ನು ಬಲ್ಲವರಿಗೆ ಇದರ ತತ್ತ್ವ ಹೊಸದಲ್ಲ. ಆದರೆ ಜಪಾನಿಯಲ್ಲಿ ಎದುರಿನವರನ್ನು ಎತ್ತರಿಸಲು ಒಂದು ಕ್ರಿಯಾಪದ, ತನ್ನನ್ನು ತಗ್ಗಿಸಿಕೊಳ್ಳಲು ಬೇರೆಯೇ ಕ್ರಿಯಾಪದ ಬೇಕಾಗುತ್ತದೆ. ಅಮೆರಿಕದ ಇಂಗ್ಲಿಷಿನಲ್ಲಿ ಬೆಳೆದವರಿಗೆ ಇದು ಕೇವಲ ವ್ಯಾಕರಣದ ಪಾಠವಾಗಿ ಉಳಿಯದೆ, ಮನುಷ್ಯರ ನಡುವಿನ ಅಂತರವನ್ನು ಅಳೆಯುವ ಹೊಸ ಕಣ್ಣೇ ಆಗುತ್ತದೆ. ದೇವರನ್ನು ಸೂಚಿಸುವ ‘ಕಾಮಿ’ ಎಂಬ ಶಬ್ದವೂ ಸರಳವಲ್ಲ. ಬೆಟ್ಟ, ಮರ, ಪೂರ್ವಿಕರು ಮೊದಲಾದ ಹಲವೆಡೆ ನೆಲೆಸಿರುವ ಶಿಂತೊ ಧರ್ಮದ ಅಸಂಖ್ಯ ದೈವಗಳಿಗೂ ಅದೇ ಹೆಸರು ಇರುವುದರಿಂದ, ‘ಕಾಮಿಯನ್ನು ನಂಬುತ್ತೀರಾ’ ಎಂದು ಪ್ರಚಾರಕ ಕೇಳುವ ಪ್ರಶ್ನೆಯೂ ಮನೆಯವರಿಗೆ ಕೇಳಿಸುವ ಪ್ರಶ್ನೆಯೂ ಒಂದೇ ಆಗಿರುವುದಿಲ್ಲ.

ಈ ಭಾಷಾಯುದ್ಧಕ್ಕೆ ಒಂದು ಇತಿಹಾಸವಿದೆ. 1901ರ ಆಗಸ್ಟ್ 12ರಂದು, ಮುಂದೆ ಸಭೆಯ ಅಧ್ಯಕ್ಷರಾದ ಹೀಬರ್ ಜೆ. ಗ್ರಾಂಟ್ ಮೂವರು ಸಂಗಡಿಗರೊಡನೆ ಯೊಕೊಹಾಮಾ ಬಂದರಿನಲ್ಲಿ ಇಳಿದರು. ಆ ಮೂವರಲ್ಲಿ ಕಿರಿಯನಾದ ಆಲ್ಮಾ ಒ. ಟೇಲರ್‌ಗೆ ಆಗಷ್ಟೇ 19 ತುಂಬಿತ್ತು. ಗ್ರಾಂಟ್‌ಗೆ ಭಾಷೆ ಹಿಡಿತಕ್ಕೆ ಸಿಗಲಿಲ್ಲ, ಎರಡು ವರ್ಷದಲ್ಲಿ ಅವರು ಮರಳಿದರು. ಟೇಲರ್ ಎಂಟು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ಉಳಿದು, ಮಾರ್ಮನ್ ಗ್ರಂಥವನ್ನು ಜಪಾನಿಗೆ ಅನುವಾದಿಸಿ, ಇಕುತಾ ಚೋಕೊ ಎಂಬ ಜಪಾನಿ ಸಾಹಿತಿಯಿಂದ ಶೈಲಿಯನ್ನು ತಿದ್ದಿಸಿ, 1909ರಲ್ಲಿ ಪ್ರಕಟಿಸಿದ. ಇಷ್ಟೆಲ್ಲ ಶ್ರಮದ ನಂತರವೂ, 1924ರಲ್ಲಿ ಆ ಪ್ರಚಾರಕ್ಷೇತ್ರವನ್ನು ಮುಚ್ಚುವ ಹೊತ್ತಿಗೆ ದೀಕ್ಷೆ ಪಡೆದವರ ಸಂಖ್ಯೆ ಇನ್ನೂರನ್ನು ದಾಟಿರಲಿಲ್ಲ. ಅದೇ ವರ್ಷ ಅಮೆರಿಕವು ಜಪಾನಿಯರ ವಲಸೆಯನ್ನು ತಡೆಯುವ ಕಾನೂನು ತಂದು ಎರಡು ದೇಶಗಳ ನಡುವೆ ಕಹಿ ಹೆಚ್ಚಿಸಿತು. ಎರಡನೆಯ ಮಹಾಯುದ್ಧ ಮುಗಿದು 1948ರಲ್ಲಿ ಪ್ರಚಾರ ಮತ್ತೆ ಆರಂಭವಾಯಿತು.

ಧರ್ಮಪ್ರಚಾರಕ್ಕೆ ಬಂದು ಭಾಷೆಗೆ ಬಿದ್ದವರ ಕಥೆ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ. 1853ರಲ್ಲಿ ತನ್ನ 21ನೆಯ ವಯಸ್ಸಿನಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲ್‌ನ ನಿಘಂಟು ಅಚ್ಚಾದದ್ದು 1894ರಲ್ಲಿ, ನಾಲ್ಕು ದಶಕಗಳ ನಂತರ. ಎರಡು ವರ್ಷದ ಮಾರ್ಮನ್ ಪ್ರಚಾರಕರಿಂದ ಅಂಥ ಕೃತಿಯನ್ನು ನಿರೀಕ್ಷಿಸುವಂತಿಲ್ಲ. ಭಾಷೆ ಕೈಗೆ ಹತ್ತುವ ಹೊತ್ತಿಗೆ ಮರಳುವ ಟಿಕೆಟ್ಟು ಬಂದಿರುತ್ತದೆ. ಅವರ ಭಾಷಾಜ್ಞಾನ ಫಲ ಕೊಡುವುದು ಬೇರೆ ಬಗೆಯಲ್ಲಿ: ಮರಳಿದವರಲ್ಲಿ ಕೆಲವರು ಜಪಾನಿ ಸಾಹಿತ್ಯದ ಪ್ರಾಧ್ಯಾಪಕರೂ ಅನುವಾದಕರೂ ಆದರು, 1971ರಲ್ಲಿ ಪ್ರಚಾರಕನಾಗಿ ಹೋಗಿದ್ದ ಕೆಂಟ್ ಗಿಲ್ಬರ್ಟ್ 1980ರ ದಶಕದಲ್ಲಿ ಜಪಾನಿನ ಟಿ.ವಿ. ವೀಕ್ಷಕರಿಗೆ ಮನೆಮಾತಾದರು.

ಬೆಳಗಿನ ಅಧ್ಯಯನ ಮುಗಿದ ಮೇಲೆ ಹೆಲ್ಮೆಟ್ ಧರಿಸಿ ಸೈಕಲ್ ಹತ್ತಿದರೆ, ಮಧ್ಯಾಹ್ನದ ಊಟದ ಹೊತ್ತನ್ನು ಬಿಟ್ಟು, ರಾತ್ರಿ ಒಂಬತ್ತರವರೆಗೆ ಬೀದಿಯಲ್ಲಿಯೇ. ಜೂನಿನ ಮಳೆ, ಆಗಸ್ಟಿನ ಬೆವರಿಳಿಸುವ ಸೆಕೆ, ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ಸೈಕಲ್ ಓಡಿಸಲಾಗದಷ್ಟು ಹಿಮ, ಯಾವುದೂ ಈ ಕೆಲಸವನ್ನು ನಿಲ್ಲಿಸುವುದಿಲ್ಲ. ಮನೆಮನೆಯ ಗಂಟೆ ಒತ್ತುವುದು ಈ ಸೇವೆಯ ಪ್ರಸಿದ್ಧ ಚಿತ್ರ. ಜಪಾನಿನ ನಗರಗಳಲ್ಲಿ ಅದೂ ಸುಲಭವಲ್ಲ. ಹೊಸ ವಸತಿ ಕಟ್ಟಡಗಳ ಹೆಬ್ಬಾಗಿಲಿಗೆ ತಾನಾಗಿ ಬೀಳುವ ಬೀಗವಿರುವುದರಿಂದ ಒಳಗಿನ ನೂರು ಮನೆಗಳ ಎದುರು ನಿಲ್ಲುವುದಕ್ಕೇ ಆಗುವುದಿಲ್ಲ. ಹಳೆಯ ಮನೆಗಳಲ್ಲಿ ಇಂಟರ್‌ಕಾಮ್‌ನಿಂದ ಬರುವ ಧ್ವನಿಯೊಂದೇ ಉತ್ತರ. ಆ ಉತ್ತರ ಬಹುಮಟ್ಟಿಗೆ ಒಂದೇ: ‘ಕೆಕ್ಕೋ ದೆಸು’. ‘ಕೆಕ್ಕೋ’ ಎಂದರೆ ‘ಬಹಳ ಚೆನ್ನಾಗಿದೆ’ ಎಂದೂ ಆಗುತ್ತದೆ, ‘ಸಾಕು, ಬೇಡ’ ಎಂದೂ ಆಗುತ್ತದೆ. ಹೊಸದಾಗಿ ಬಂದವರು ಮೊದಲನೆಯ ಅರ್ಥ ಹಿಡಿದು ಹಿಗ್ಗುವುದು, ಅನುಭವಿ ಜೊತೆಗಾರ ಎರಡನೆಯದನ್ನು ವಿವರಿಸಿ ಸೈಕಲ್ ಕಡೆಗೆ ತಿರುಗುವುದು ಮೊದಲ ವಾರದ ಪಾಠ.

ಸೌಜನ್ಯದ ಈ ನಿರಾಕರಣೆಯ ಹಿಂದೆ ಭಯವೂ ಇದೆ. 1995ರ ಮಾರ್ಚ್ 20ರಂದು ಓಮ್ ಶಿನ್‌ರಿಕ್ಯೊ ಎಂಬ ಪಂಥದವರು ಟೋಕಿಯೊದ ಸುರಂಗ ರೈಲಿನಲ್ಲಿ ಸರೀನ್ ವಿಷಾನಿಲ ಬಿಟ್ಟ ಬಳಿಕ, ಬಾಗಿಲಿಗೆ ಬರುವ ಹೊಸ ಧರ್ಮಗಳ ಮೇಲೆಲ್ಲ ಜಪಾನಿನ ಜನರಿಗೆ ಶಂಕೆ ಬೇರೂರಿತು. 2022ರಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆ ಅವರ ಹತ್ಯೆಯ ನಂತರ, ಭಕ್ತರಿಂದ ಅಪಾರ ಕಾಣಿಕೆ ವಸೂಲು ಮಾಡಿದ ಮತ್ತೊಂದು ಪಂಥದ ಕುರಿತ ಚರ್ಚೆ ಆ ಶಂಕೆಯನ್ನು ಮತ್ತೆ ಕೆದಕಿತು. ಈ ಘಟನೆಗಳಿಗೂ ಮಾರ್ಮನ್ನರಿಗೂ ಯಾವ ಸಂಬಂಧವೂ ಇಲ್ಲ. ಆದರೆ ಬಾಗಿಲ ಹಿಂದೆ ಒಬ್ಬಂಟಿಯಾಗಿರುವ ಮುದುಕಿಗೆ ಆ ವ್ಯತ್ಯಾಸ ತಿಳಿದಿರಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ. ಕರೆಯದೆ ಬಂದು ಗಂಟೆ ಒತ್ತುವವರ ಕಷ್ಟ ಎಷ್ಟೇ ದೊಡ್ಡದಾಗಿದ್ದರೂ, ತನ್ನ ಮನೆಯ ನೆಮ್ಮದಿಯನ್ನು ಕಾಯ್ದುಕೊಳ್ಳುವ ಹಕ್ಕು ಮನೆಯವರದೇ. ಕರೆಗಂಟೆಯನ್ನು ಒತ್ತುವುದಕ್ಕಿಂತ ಸದಸ್ಯರ ಪರಿಚಯ ಮತ್ತು ಸಾಮಾಜಿಕ ಜಾಲತಾಣಗಳ ಮೂಲಕ ಜನರನ್ನು ತಲುಪುವುದಕ್ಕೆ ಸಭೆ ಈಚೆಗೆ ಹೆಚ್ಚು ಒತ್ತುಕೊಡುತ್ತಿರುವುದು ಈ ದೃಷ್ಟಿಯಿಂದಲೂ ಸ್ವಾಗತಾರ್ಹ.

ಹಾಗಿದ್ದೂ, ದಿನಕ್ಕೆ ಹತ್ತಾರು ಸಲ ‘ಬೇಡ’ ಎನ್ನಿಸಿಕೊಂಡು ಸಂಜೆ ಮತ್ತೆ ಇನ್ನೊಂದು ಬೀದಿಗೆ ತಿರುಗುವುದು ಹೇಗೆ ಸಾಧ್ಯವಾಗುತ್ತದೆ? ವಾರದ ವ್ಯವಸ್ಥೆಯ ಕೆಲಸ ಇಲ್ಲಿಯೇ ತಿಳಿಯುವುದು. ಜೊತೆಗಾರ ಪಕ್ಕದಲ್ಲಿಯೇ ಇರುವುದರಿಂದ ನಿರಾಕರಣೆ ಒಬ್ಬನದೇ ಎಂದಾಗುವುದಿಲ್ಲ. ಸೇವೆಯನ್ನು ಆಡಿದ ಮಾತುಗಳಿಂದಲೂ ಕಳೆದ ಗಂಟೆಗಳಿಂದಲೂ ಅಳೆಯುವುದರಿಂದ, ಯಾರೂ ಕೇಳದ ದಿನವೂ ಪೂರ್ತಿ ವ್ಯರ್ಥವೆನಿಸುವುದಿಲ್ಲ. ರಾತ್ರಿ ಒಂಬತ್ತಕ್ಕೆ ಮರಳಿ ಕುಳಿತು ನಾಳೆಯ ಪಟ್ಟಿ ಬರೆಯಬೇಕಾಗಿರುವುದರಿಂದ, ಇಂದಿನದನ್ನು ಕುರಿತು ಕೊರಗಲು ಸಮಯವೂ ಇರುವುದಿಲ್ಲ. ‘ಡಿಸ್ಟ್ರಿಕ್ಟ್’ ಎಂದು ಕರೆಯುವ, ಕೆಲವೇ ಜೋಡಿಗಳ ಗುಂಪು ವಾರದ ನಡುವೆ ಒಮ್ಮೆ ಸೇರಿ, ಪರಸ್ಪರ ಅನುಭವ ಹೇಳಿಕೊಂಡು, ಒಟ್ಟಿಗೆ ಉಂಡು ಚದುರುತ್ತದೆ. ಸಿನಿಮಾ, ಟಿ.ವಿ., ಕಾದಂಬರಿ, ಪ್ರೇಮ, ಇವೆಲ್ಲ ನಿಷಿದ್ಧವಾಗಿರುವ ಬದುಕಿನಲ್ಲಿ ಸಮವಯಸ್ಕರ ನಗು ಕೇಳುವ ಆ ಎರಡು ಗಂಟೆಗಳಿಗೆ ಇರುವ ಬೆಲೆ ಕೈಪಿಡಿಯ ಯಾವ ಪುಟಕ್ಕೂ ಕಡಿಮೆಯದಲ್ಲ.

ವಾರದ ಒಂದು ಸಂಜೆ ಮಾತ್ರ ಜನ ತಾವಾಗಿ ಇವರ ಬಳಿಗೆ ಬರುತ್ತಾರೆ. ಅದು ‘ಎಯ್‌ಕೈವಾ’, ಅಂದರೆ ಇಂಗ್ಲಿಷ್ ಸಂಭಾಷಣೆಯ ತರಗತಿ. ಸಭಾಗೃಹಗಳಲ್ಲಿ ಉಚಿತವಾಗಿ ನಡೆಯುವ ಈ ಪಾಠಕ್ಕೆ ನಿವೃತ್ತರೂ, ಗೃಹಿಣಿಯರೂ, ಪರೀಕ್ಷೆಗೆ ಓದುವ ವಿದ್ಯಾರ್ಥಿಗಳೂ ಬರುತ್ತಾರೆ. ಕೊನೆಯಲ್ಲಿ ಬಯಸಿದವರಿಗೆ ಧರ್ಮದ ಕುರಿತ ಪುಟ್ಟ ಮಾತು ಇರುತ್ತದೆ. ವರ್ಷಗಟ್ಟಲೆ ಇಂಗ್ಲಿಷ್ ಕಲಿಯಲು ಬಂದು, ದೀಕ್ಷೆಯ ವಿಷಯಕ್ಕೆ ಎಂದೂ ಬಾರದವರೂ ಇದ್ದಾರೆ. ಪ್ರಚಾರದ ಲೆಕ್ಕದಲ್ಲಿ ಅವರು ಸೇರದಿದ್ದರೂ, ಅಪರಿಚಿತ ನಗರದಲ್ಲಿ ಈ ಹುಡುಗ ಹುಡುಗಿಯರಿಗೆ ದೊರೆಯುವ ನಿಜವಾದ ನೆಂಟಸ್ತಿಕೆ ಬಹುಪಾಲು ಅವರದೇ.

ಯಾರಾದರೂ ಒಳಗೆ ಕರೆದರೆ, ಹೊಸ್ತಿಲ ಬಳಿಯ ‘ಗೆಂಕಾನ್’ ಎಂಬ ತಗ್ಗಿನ ಜಾಗದಲ್ಲಿ ಬೂಟು ಕಳಚಿ, ಅದರ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟು, ಚಾಪೆಯ ಮೇಲೆ ಮಂಡಿಯೂರಿ ಕೂರಬೇಕು. ಆಗ ಎದುರಾಗುವುದು ಚಹಾದ ಪ್ರಶ್ನೆ. ‘ಜ್ಞಾನದ ಮಾತು’ ಎಂದು ಕರೆಯಲಾಗುವ ಆರೋಗ್ಯನಿಯಮದಂತೆ ಮಾರ್ಮನ್ನರು ಮದ್ಯ, ತಂಬಾಕು, ಕಾಫಿಗಳ ಜೊತೆಗೆ ಚಹಾವನ್ನೂ ಬಿಟ್ಟಿದ್ದಾರೆ. ಬಂದವರಿಗೆ ಮೊದಲು ನೀರು ಬೆಲ್ಲ ಕೊಡುವ ನಾಡಿನವರಿಗೆ, ಮನೆಯಾಕೆ ಬಸಿದು ತಂದ ಹಸಿರು ಚಹಾವನ್ನು ಮುಟ್ಟದೆ ಕೂರುವುದು ಎಂಥ ಮುಜುಗರವೆಂದು ವಿವರಿಸಬೇಕಾಗಿಲ್ಲ. ಅದೃಷ್ಟಕ್ಕೆ ಜಪಾನಿನಲ್ಲಿ ‘ಮುಗಿಚಾ’ ಎಂಬ, ಹುರಿದ ಜವೆಗೋಧಿಯನ್ನು ನೀರಿನಲ್ಲಿ ನೆನೆಸಿ ತಣ್ಣಗೆ ಕುಡಿಯುವ ಪಾನೀಯವಿದೆ. ಹೆಸರಿನಲ್ಲಿ ಚಹಾ ಇದ್ದರೂ ಅದರಲ್ಲಿ ಚಹಾ ಎಲೆಯಿಲ್ಲದ ಕಾರಣ ಅದಕ್ಕೆ ನಿಷೇಧವಿಲ್ಲ. ಚಹಾ ಬೇಡವೆಂದದ್ದೇ ದಾರಿಯಾದ ಪ್ರಸಂಗವೂ ಉಂಟು. ಯುದ್ಧ ಮುಗಿದ ಹೊಸತರಲ್ಲಿ ನಾಗೋಯಾ ಬಳಿಯ ನಾರುಮಿ ಎಂಬ ಊರಿನಲ್ಲಿ ತಾತ್ಸುಯಿ ಸಾತೊ ಎಂಬವರು ಅಮೆರಿಕದ ಸೈನಿಕರಿಗೆ ಚಹಾ ನೀಡಿದಾಗ, ಮಾರ್ಮನ್ನರಾಗಿದ್ದ ಆ ಸೈನಿಕರು ವಿನಯದಿಂದ ಒಲ್ಲೆವೆಂದರು. ಏಕೆಂದು ಕೇಳಿದ ಸಾತೊ 1946ರ ಜುಲೈನಲ್ಲಿ ಪತ್ನಿಯೊಡನೆ ದೀಕ್ಷೆ ಪಡೆದರು. 1957ರಲ್ಲಿ ಹೊರಬಂದ, ಆಡುಮಾತಿಗೆ ಹತ್ತಿರವಾದ ಮಾರ್ಮನ್ ಗ್ರಂಥದ ಎರಡನೆಯ ಜಪಾನಿ ಅನುವಾದ ಅವರದೇ.

ಪಾಠ ಕೇಳಲು ಒಪ್ಪಿದವರಿಗೆ ಹಲವು ಭೇಟಿಗಳಲ್ಲಿ ಬೋಧನೆ ನಡೆಯುತ್ತದೆ: ಜೋಸೆಫ್ ಸ್ಮಿತ್‌ನ ಮೂಲಕ ಆದಿಸಭೆ ಮರುಸ್ಥಾಪನೆಗೊಂಡಿತೆಂಬ ನಂಬಿಕೆ, ಹುಟ್ಟಿಗೆ ಮುಂಚಿನ ಮತ್ತು ಸಾವಿನ ನಂತರದ ಬದುಕಿನ ವಿವರ, ಕ್ರಿಸ್ತನ ಬೋಧೆ, ಕೊನೆಗೆ ಆಜ್ಞೆಗಳು. ಆದಾಯದ ಹತ್ತನೆಯ ಒಂದು ಭಾಗವನ್ನು ಸಭೆಗೆ ಕೊಡುವ ದಶಮಾಂಶವೂ ಆ ಆಜ್ಞೆಗಳಲ್ಲಿ ಸೇರಿದೆ. ಭಾನುವಾರದ ಆರಾಧನೆಗೆ ಬಂದು, ಈ ನಿಯಮಗಳನ್ನು ಒಪ್ಪಿದ ಮೇಲೆ, ಇನ್ನೊಬ್ಬ ಪ್ರಚಾರಕನೇ ಆಗಿರುವ ಗುಂಪಿನ ಮುಖಂಡ ಸಂದರ್ಶನ ನಡೆಸುತ್ತಾನೆ. ಬಳಿಕ ಬಿಳಿ ಉಡುಪಿನಲ್ಲಿ, ಪೂರ್ತಿ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ. ಪಾಠವನ್ನು ಹುಡುಗಿಯರೇ ಮಾಡಿದ್ದರೂ ನೀರಿಗಿಳಿದು ದೀಕ್ಷೆ ಕೊಡುವ ಅಧಿಕಾರ ಪುರುಷರಿಗೆ ಮಾತ್ರ. ತಿಂಗಳುಗಟ್ಟಲೆ ಮನೆಗೆ ಹೋಗಿ ವಿಶ್ವಾಸ ಗಳಿಸಿದ ಹುಡುಗಿ ಆ ದಿನ ದಂಡೆಯ ಮೇಲೆ ಟವಲು ಹಿಡಿದು ನಿಲ್ಲಬೇಕಾಗಿರುವುದು ನ್ಯಾಯವೆನಿಸುವುದಿಲ್ಲ.

ದೀಕ್ಷೆಯ ಎಣಿಕೆಯೇ ಗುರಿಯಾದರೆ ಏನಾಗುತ್ತದೆ ಎಂಬುದಕ್ಕೂ ಜಪಾನಿನಲ್ಲಿಯೇ ನಿದರ್ಶನವಿದೆ. 1970ರ ಒಸಾಕಾ ವಿಶ್ವಮೇಳದಲ್ಲಿ ಮಾರ್ಮನ್ ಮಂಟಪಕ್ಕೆ 60 ಲಕ್ಷಕ್ಕೂ ಹೆಚ್ಚು ಜನ ಭೇಟಿಯಿತ್ತು ಸಭೆಯ ಹೆಸರು ಹಬ್ಬಿತು. ಅದರ ಉತ್ಸಾಹದಲ್ಲಿ, 1970ರ ದಶಕದ ಕೊನೆಯಿಂದ 1980ರ ದಶಕದ ಆರಂಭದವರೆಗೆ, ಟೋಕಿಯೊ ಪ್ರದೇಶದಲ್ಲಿ ಬೀದಿಯಲ್ಲಿ ಸಿಕ್ಕ ಯುವಕರಿಗೆ ಅತ್ಯಲ್ಪ ಅವಧಿಯ ಪಾಠ ಹೇಳಿ ದೀಕ್ಷೆ ಕೊಡುವ ಭರಾಟೆ ನಡೆಯಿತು. ಸಾವಿರಾರು ಹೆಸರುಗಳು ದಾಖಲೆಗೆ ಬಂದವು, ಹೆಚ್ಚಿನವರು ಸಭಾಗೃಹಕ್ಕೆ ಮತ್ತೆ ಬರಲಿಲ್ಲ. ಆ ಹೆಸರುಗಳ ಹಿಂದೆ ಅಲೆದು ಸುಸ್ತಾದವರು ಸ್ಥಳೀಯ ಜಪಾನಿ ಸದಸ್ಯರು. ಇಂದು ಸಭೆಯ ಲೆಕ್ಕದಲ್ಲಿ ಜಪಾನಿನ ಸದಸ್ಯರು ಸುಮಾರು 1.3 ಲಕ್ಷ, ಭಾನುವಾರ ಬೆಂಚಿನ ಮೇಲೆ ಕಾಣುವವರು ಅದಕ್ಕಿಂತ ಬಹಳ ಕಡಿಮೆ. ಒಂದು ಆತ್ಮವನ್ನು ದಡ ಸೇರಿಸುವ ಮಾತಾಡುವವರು ಅದನ್ನು ಪಟ್ಟಿಯ ಒಂದು ಅಂಕಿಯಾಗಿಸಿದರೆ, ಅದು ನಂಬಿದವರಿಗೂ, ನಂಬಿಸಲು ಕಳುಹಿಸಲ್ಪಟ್ಟ ಎಳೆಯರಿಗೂ ಮಾಡಿದ ಅನ್ಯಾಯ.

ಜಪಾನಿಯರ ಮನಸ್ಸಿಗೆ ಈ ಪಂಥ ನಿಜವಾಗಿ ಹತ್ತಿರವಾಗುವ ಜಾಗವೊಂದಿದ್ದರೆ ಅದು ಪೂರ್ವಿಕರ ವಿಷಯ. ಆಗಸ್ಟಿನ ‘ಒಬೊನ್’ ಹಬ್ಬದಲ್ಲಿ ಸತ್ತವರ ಆತ್ಮಗಳು ಮನೆಗೆ ಬರುತ್ತವೆಂದು ನಂಬಿ, ಊರಿಗೆ ಮರಳಿ, ಸಮಾಧಿ ತೊಳೆದು, ದೀಪ ಹಚ್ಚುವ ಜನ ಅವರು. ಕರ್ನಾಟಕದ ಪಿತೃಪಕ್ಷದಂತೆಯೇ ಇದೂ ಮನೆತನದ ಋಣ. ಕ್ರೈಸ್ತರಾದರೆ ಆ ಋಣ ಕಡಿದುಹೋಗುತ್ತದೆಂಬ ಭಯ ಜಪಾನಿನಲ್ಲಿ ಹಳೆಯದು. ಆದರೆ ಮಾರ್ಮನ್ನರು ಸತ್ತ ಪೂರ್ವಿಕರ ಪರವಾಗಿ ಜೀವಂತರು ದೀಕ್ಷೆ ಪಡೆಯಬಹುದೆಂದು ನಂಬುತ್ತಾರೆ. ಆ ವಿಧಿ ಸಾಮಾನ್ಯ ಸಭಾಗೃಹದಲ್ಲಿ ನಡೆಯದೆ ‘ಮಂದಿರ’ವೆಂಬ ವಿಶೇಷ ಕಟ್ಟಡದಲ್ಲಿ ನಡೆಯುತ್ತದೆ. ಏಷ್ಯಾದ ಮೊದಲ ಮಂದಿರ 1980ರಲ್ಲಿ ಟೋಕಿಯೊದಲ್ಲಿಯೇ ಪ್ರತಿಷ್ಠೆಯಾಯಿತು. ಅಜ್ಜ ಅಜ್ಜಿಯರ ಹೆಸರು, ಹುಟ್ಟಿದ ಊರು, ಸತ್ತ ದಿನ ಹುಡುಕುವ ವಂಶಾವಳಿಯ ಕೆಲಸದಲ್ಲಿ ಪ್ರಚಾರಕರು ನೆರವಾಗಲು ಕುಳಿತಾಗ, ಬಾಗಿಲಲ್ಲಿ ಸಿಗದ ಮಾತು ಸಿಗುತ್ತದೆ. ತಾವು ಹೇಳಬಂದದ್ದನ್ನು ಹೇಳುವ ಆತುರ ಬಿಟ್ಟು ಎದುರಿನವರ ಮನೆಯ ಕಥೆ ಕೇಳಿದಾಗಲೇ ಪ್ರಚಾರಕರಿಗೆ ಜಪಾನ್ ತೆರೆದುಕೊಳ್ಳುವುದು.

ಈ ವ್ಯವಸ್ಥೆಯ ಒಂದು ಎಳೆ ಕರ್ನಾಟಕಕ್ಕೂ ಬಂದಿದೆ. 1851ರಲ್ಲಿ ಕಲ್ಕತ್ತೆಗೂ 1853ರಲ್ಲಿ ಮದ್ರಾಸಿಗೂ ಬಂದ ಮಾರ್ಮನ್ನರು ಬೇರೂರದೆ ಕೆಲವೇ ವರ್ಷದಲ್ಲಿ ಮರಳಿದರು. ಅದಾಗಿ ಸುಮಾರು ಒಂದೂವರೆ ಶತಮಾನದ ಬಳಿಕ, 1993ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಭಾರತದ ಪ್ರಚಾರಕ್ಷೇತ್ರ ಸ್ಥಾಪನೆಯಾಯಿತು. ದೇಶದ ಮೊದಲ ಮಂದಿರವೂ ಇಲ್ಲಿಯೇ ಎಂದು 2018ರ ಏಪ್ರಿಲ್‌ನಲ್ಲಿ ಘೋಷಿಸಿ, 2020ರ ಡಿಸೆಂಬರಿನಲ್ಲಿ ಅದರ ಭೂಮಿಪೂಜೆಗೆ ಸಮನಾದ ವಿಧಿಯನ್ನು ನೆರವೇರಿಸಲಾಯಿತು.

ವಾರ ಕೊನೆಗೊಳ್ಳುವುದು ಭಾನುವಾರ. 2019ರಿಂದ ಮೂರು ಗಂಟೆಯ ಬದಲು ಎರಡು ಗಂಟೆಗೆ ಇಳಿದಿರುವ ಆರಾಧನೆಯಲ್ಲಿ, ಮದ್ಯ ವರ್ಜ್ಯವಾದ್ದರಿಂದ ದ್ರಾಕ್ಷಾರಸದ ಬದಲು ನೀರನ್ನೇ ರೊಟ್ಟಿಯೊಡನೆ ಹಂಚಲಾಗುತ್ತದೆ. ಈ ಸಭೆಯಲ್ಲಿ ಸಂಬಳದ ಪಾದ್ರಿಗಳಿಲ್ಲ. ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿಯುವ ಸ್ಥಳೀಯರೇ ಸಭೆ ನಡೆಸುತ್ತಾರೆ, ಪ್ರವಚನವನ್ನೂ ಸದಸ್ಯರೇ ಸರದಿಯಂತೆ ಮಾಡುತ್ತಾರೆ. ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಉಪವಾಸ. ಉಳಿಸಿದ ಊಟದ ಬೆಲೆಯನ್ನು ಬಡವರಿಗಾಗಿ ಕೊಡುತ್ತಾರೆ. ಬರುತ್ತೇನೆಂದು ಬುಧವಾರ ಮಾತು ಕೊಟ್ಟಿದ್ದವರು ಬರಬಹುದೇ ಎಂದು ಬಾಗಿಲ ಕಡೆಗೇ ಕಣ್ಣಿಟ್ಟು ಕೂರುವ ಪ್ರಚಾರಕರಿಗೆ ಆ ಎರಡು ಗಂಟೆ ವಾರದಲ್ಲೇ ಅತಿ ದೀರ್ಘವಾದವು.

ಆರನೆಯ ವಾರದ ಕೊನೆಗೆ ವರ್ಗಾವಣೆಯ ಕರೆ ಬರುತ್ತದೆ. ಎರಡು ಸೂಟ್‌ಕೇಸಿಗೆ ಬಟ್ಟೆ ತುಂಬಿ, ಸೈಕಲ್ಲನ್ನು ಹೊಸಬರಿಗೆ ಬಿಟ್ಟು ಅಥವಾ ಸಾಗಿಸಿ, ರೈಲು ಹತ್ತುವ ಮುನ್ನ, ಆ ಊರಿನಲ್ಲಿ ಭೇಟಿಯಾದವರ ವಿವರಗಳನ್ನು ಉಳಿದವರಿಗೆ ಒಪ್ಪಿಸಬೇಕು: ಯಾರಿಗೆ ಮಂಡಿನೋವು, ಯಾರ ಮಗ ಪರೀಕ್ಷೆಗೆ ಓದುತ್ತಿದ್ದಾನೆ, ಯಾರು ಧರ್ಮದ ಮಾತು ಬೇಡವೆಂದರೂ ಮಾತಿಗೆ ಯಾರೂ ಇಲ್ಲದ್ದರಿಂದ ಗುರುವಾರ ಬನ್ನಿ ಎಂದಿದ್ದಾರೆ. ಮುಂದಿನ ಗುರುವಾರ ಆ ಮನೆಯ ಗೆಂಕಾನಿನಲ್ಲಿ ಒಂದು ಹಳೆಯ ಜೊತೆ ಬೂಟಿನ ಪಕ್ಕ ಒಂದು ಹೊಸ ಜೊತೆ ಬೂಟು ಇರುತ್ತದೆ. ಮನೆಯಾಕೆ ಮತ್ತೊಂದು ವಿದೇಶಿ ಹೆಸರನ್ನು ಕಪ್ಪು ಫಲಕದ ಮೇಲೆ ಅಕ್ಷರ ಅಕ್ಷರವಾಗಿ ಓದಿಕೊಂಡು, ಎರಡು ಲೋಟಕ್ಕೆ ಮುಗಿಚಾ ಸುರಿಯುತ್ತಾಳೆ.